ಎರಡು ನಾಣ್ಯಗಳ ನಡುವೆ ಒಬ್ಬ ಮುಗ್ಧ: ಸ್ಯಾಮ್ಯುಯೆಲ್ ಬಟ್ಲರನ ‘ದಿ ವೇ ಆಫ್ ಆಲ್ ಫ್ಲೆಶ್’

ಆಂಗ್ಲ ಸಾಹಿತ್ಯದಲ್ಲಿ ತರುಣನೊಬ್ಬನು ಲೋಕವನ್ನು ಕಂಡು, ಮೋಸಹೋಗಿ, ಪೆಟ್ಟುತಿಂದು, ಕೊನೆಗೆ ಬುದ್ಧಿ ಬಲಿತು ನಿಲ್ಲುವ ಕಥೆಗಳಿಗೆ ಕೊರತೆಯಿಲ್ಲ. ಆದರೆ ಆ ತರುಣನು ಮೋಸಹೋಗುವುದು ಯೌವನದ ಚಾಪಲ್ಯದಿಂದಲ್ಲ, ಧರ್ಮಶ್ರದ್ಧೆಯಿಂದ ಎಂಬಂಥ ಹಾಸ್ಯಕಾದಂಬರಿಗಳು ವಿರಳ. ಹೆನ್ರಿ ಫೀಲ್ಡಿಂಗನ ‘ಜೋಸೆಫ್ ಆಂಡ್ರೂಸ್’ (1742) ಅಂಥದೊಂದು. ಅಲ್ಲಿ ನಾಯಕನೂ ಅವನ ಗುರುವಾದ ಪಾದ್ರಿ ಆಡಮ್ಸನೂ ಲೋಕಜ್ಞಾನವಿಲ್ಲದ ಸಾಧುಗಳು; ನಗೆಗೆ ಗುರಿಯಾಗುವುದು ಅವರನ್ನು ವಂಚಿಸುವ ಲೋಕವೇ ಹೊರತು ಅವರ ಶ್ರದ್ಧೆಯಲ್ಲ. ನೂರರವತ್ತು ವರ್ಷಗಳ ತರುವಾಯ, 1903ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಬಟ್ಲರನ ‘ದಿ ವೇ ಆಫ್ ಆಲ್ ಫ್ಲೆಶ್’ ಈ ಕ್ರಮವನ್ನು ತಲೆಕೆಳಗು ಮಾಡಿತು. ಶ್ರದ್ಧಾವಂತ ಮುಗ್ಧನು ಇಲ್ಲಿಯೂ ಇದ್ದಾನೆ. ಆದರೆ ಅವನಿಗೆ ಆ ಶ್ರದ್ಧೆಯನ್ನು ಕಲಿಸಿದವರೇ ಅದನ್ನು ಎಷ್ಟರಮಟ್ಟಿಗೆ ನಂಬಿದ್ದರು ಎಂಬ ಪ್ರಶ್ನೆ ಇಲ್ಲಿ ಎದ್ದಿದೆ.

ಬಟ್ಲರನು 1835ರಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಂಗರ್ ಗ್ರಾಮದಲ್ಲಿ ಜನಿಸಿದನು. ತಂದೆ ಅಲ್ಲಿನ ಪಾದ್ರಿ. ತಾತ ಷ್ರೂಸ್‌ಬರಿ ಶಾಲೆಯ ಪ್ರಖ್ಯಾತ ಮುಖ್ಯೋಪಾಧ್ಯಾಯನಾಗಿದ್ದು ಮುಂದೆ ಬಿಷಪ್ಪನಾದವನು. ಮೊಮ್ಮಗನೂ ಅದೇ ದಾರಿಯಲ್ಲಿ ನಡೆಯಬೇಕೆಂಬುದು ಮನೆಯ ಸಂಕಲ್ಪ. ಕೇಂಬ್ರಿಜ್ಜಿನಲ್ಲಿ ಪದವಿ ಪಡೆದು, ದೀಕ್ಷೆಯ ಸಿದ್ಧತೆಗಾಗಿ ಲಂಡನ್ನಿನ ಬಡವರ ನಡುವೆ ಕೆಲಸಮಾಡುತ್ತಿದ್ದಾಗ, ಜ್ಞಾನಸ್ನಾನ ಪಡೆದ ಹುಡುಗರಿಗೂ ಪಡೆಯದವರಿಗೂ ನಡತೆಯಲ್ಲಿ ಯಾವ ಭೇದವೂ ಇಲ್ಲವೆಂಬುದು ಅವನ ಕಣ್ಣಿಗೆ ಬಿತ್ತು. ಸಂದೇಹ ಮೊಳೆಯಿತು, ದೀಕ್ಷೆಯನ್ನು ನಿರಾಕರಿಸಿದನು. 1859ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಕುರಿಸಾಕಣೆ ನಡೆಸಿ, ತಂದ ಬಂಡವಾಳವನ್ನು ಸುಮಾರು ಇಮ್ಮಡಿಸಿಕೊಂಡು 1864ರಲ್ಲಿ ಹಿಂದಿರುಗಿದನು. ಈ ಕಾದಂಬರಿಯನ್ನು ಆರಂಭಿಸಿದ್ದು 1873ರಲ್ಲಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ತಿದ್ದಿ ತೀಡಿ ಪೆಟ್ಟಿಗೆಯಲ್ಲಿರಿಸಿದನು. ಅವನು 1902ರಲ್ಲಿ ತೀರಿಕೊಂಡ ಬಳಿಕ ಅವನ ಸಾಹಿತ್ಯದ ಹೊಣೆ ಹೊತ್ತಿದ್ದ ಸ್ಟ್ರೆಟ್‌ಫೀಲ್ಡನು ಅದನ್ನು ಬೆಳಕಿಗೆ ತಂದನು.

ಕಾದಂಬರಿಯನ್ನು ಪ್ರವೇಶಿಸುವ ಮೊದಲು ಬಟ್ಲರನ ಇನ್ನೊಂದು ಕೃತಿಯ ಕಡೆ ನೋಡುವುದು ಉಚಿತ. 1872ರ ‘ಎರೆವ್ಹಾನ್’ ಒಂದು ಕಲ್ಪಿತ ನಾಡಿನ ವೃತ್ತಾಂತ. ಆ ನಾಡಿನಲ್ಲಿ ಎರಡು ಬಗೆಯ ಬ್ಯಾಂಕುಗಳು, ಎರಡು ಬಗೆಯ ನಾಣ್ಯಗಳು. ಒಂದು ಬಗೆಯವು ‘ಸಂಗೀತ ಬ್ಯಾಂಕು’ಗಳು: ಭವ್ಯವಾದ ಕಟ್ಟಡ, ಬಣ್ಣದ ಗಾಜು, ಗಾಯನದೊಡನೆ ನಡೆಯುವ ವ್ಯವಹಾರ. ಮರ್ಯಾದಸ್ಥರೆಲ್ಲರೂ ಅಲ್ಲಿ ಲೆಕ್ಕವಿಟ್ಟಿರುತ್ತಾರೆ. ಕೈಚೀಲ ಎಲ್ಲರಿಗೂ ಕಾಣುವಂತೆ ಹಿಡಿದು ಹೋಗಿಬರುತ್ತಾರೆ. ಆದರೆ ಆ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ರೊಟ್ಟಿ ಬಟ್ಟೆ ಕೊಳ್ಳುವುದು ಇನ್ನೊಂದು ಬ್ಯಾಂಕಿನ ನಾಣ್ಯದಿಂದ. ಸಂಗೀತ ಬ್ಯಾಂಕಿನ ಅಧಿಕಾರಿಗಳು ಸಹ ತಮ್ಮ ಸಂಬಳವನ್ನು ತಮ್ಮ ನಾಣ್ಯದಲ್ಲಿ ಪಡೆಯುವುದಿಲ್ಲ. ಇದು ಇಂಗ್ಲೆಂಡಿನ ಚರ್ಚಿನ ವಿಡಂಬನೆಯೆಂಬುದು ಸ್ಪಷ್ಟ. ಎರಡು ನಾಣ್ಯಗಳ ವ್ಯತ್ಯಾಸ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವುದು ಮಾತ್ರ ಅಸಭ್ಯ.

ಈಗ ಹೀಗೊಂದು ಪ್ರಶ್ನೆ ಹಾಕಿಕೊಳ್ಳಬಹುದು: ಅಂಥ ನಾಡಿನಲ್ಲಿ ಬೆಳೆದ ಹುಡುಗನೊಬ್ಬನಿಗೆ ಈ ಗುಟ್ಟು ತಿಳಿಯದೆ, ಅವನು ಸಂಗೀತ ಬ್ಯಾಂಕಿನ ನಾಣ್ಯವನ್ನೇ ಹಿಡಿದು ಪೇಟೆಗೆ ಇಳಿದರೆ ಏನಾದೀತು? ‘ದಿ ವೇ ಆಫ್ ಆಲ್ ಫ್ಲೆಶ್’ ಕಾದಂಬರಿಯ ನಾಯಕ ಅರ್ನೆಸ್ಟ್ ಪಾಂಟಿಫೆಕ್ಸನ ಕಥೆ ಈ ಪ್ರಶ್ನೆಗೆ ಉತ್ತರವಾಗಿದೆ.

ಕಥೆಯನ್ನು ಹೇಳುವವನು ಓವರ್ಟನ್ ಎಂಬ ವೃದ್ಧ ಲೇಖಕ, ಅರ್ನೆಸ್ಟನ ಧರ್ಮಪಿತ. ಅವನು ಕಥೆಯನ್ನು ನಾಯಕನ ಮುತ್ತಾತನಿಂದ ಆರಂಭಿಸುತ್ತಾನೆ. ಮುತ್ತಾತ ಹಳ್ಳಿಯ ಬಡಗಿ. ತನ್ನ ಕೈಯಿಂದಲೇ ಆರ್ಗನ್ ವಾದ್ಯ ಕಟ್ಟಬಲ್ಲ ಸುಖಿ. ತಾತ ಜಾರ್ಜ್ ಲಂಡನ್ನಿಗೆ ಹೋಗಿ ಧಾರ್ಮಿಕ ಗ್ರಂಥಗಳ ಪ್ರಕಾಶಕನಾಗಿ ಹಣವಂತನಾಗುತ್ತಾನೆ. ತನ್ನ ಮಗ ಥಿಯೊಬಾಲ್ಡನು ಪಾದ್ರಿಯಾಗಬೇಕೆಂದು ಅವನು ನಿರ್ಧರಿಸುತ್ತಾನೆ. ಮಗನು ತನಗೆ ಮನಸ್ಸಿಲ್ಲವೆಂದು ಹೆದರುತ್ತಲೇ ಪತ್ರ ಬರೆದರೆ, ತಂದೆಯಿಂದ ಬರುವ ಉತ್ತರ ದೈವಶಾಸ್ತ್ರದ್ದಲ್ಲ, ಉಯಿಲಿನದು: ಕಾಸು ಕೊಡುವುದಿಲ್ಲವೆಂಬ ಬೆದರಿಕೆ. ಥಿಯೊಬಾಲ್ಡನು ಮಣಿಯುತ್ತಾನೆ. ಅವನ ವಿವಾಹವೂ ಇಂಥದೇ. ಮದುವೆಯಾಗದ ಅನೇಕ ಹೆಣ್ಣುಮಕ್ಕಳಿರುವ ಪಾದ್ರಿಯ ಮನೆಗೆ ಅವನು ಸಹಾಯಕನಾಗಿ ಬಂದಾಗ, ಅವನು ಯಾರ ಪಾಲಿಗೆಂದು ಅಕ್ಕತಂಗಿಯರು ಇಸ್ಪೀಟಾಡಿ ತೀರ್ಮಾನಿಸುತ್ತಾರೆ; ಗೆದ್ದವಳು ಕ್ರಿಸ್ಟಿನಾ. ಹೀಗೆ ಅರ್ನೆಸ್ಟನು ಹುಟ್ಟುವ ಮೊದಲೇ ಆ ಮನೆಯಲ್ಲಿ ಮಾತೆಲ್ಲ ಒಂದು ನಾಣ್ಯದಲ್ಲಿ, ಲೆಕ್ಕವೆಲ್ಲ ಇನ್ನೊಂದು ನಾಣ್ಯದಲ್ಲಿ ನಡೆಯುತ್ತಿತ್ತು.

ಬಟ್ಲರನ ಹಾಸ್ಯದ ಸ್ವರೂಪವನ್ನು ನಾಮಕರಣದ ಪ್ರಸಂಗದಲ್ಲಿ ಕಾಣಬಹುದು. ನಮ್ಮ ಮನೆಗಳಲ್ಲಿ ಗಂಗೆಯ ಥಾಲಿಯನ್ನು ಕಾಪಾಡುವಂತೆ ಜಾರ್ಜನು ಜೋರ್ಡಾನ್ ನದಿಯ ನೀರಿನ ಶೀಸೆಯೊಂದನ್ನು ನೆಲಮಾಳಿಗೆಯಲ್ಲಿ ಕಾಪಾಡಿರುತ್ತಾನೆ. ಮೊಮ್ಮಗನ ಜ್ಞಾನಸ್ನಾನಕ್ಕೆಂದು ಅದನ್ನು ತರಹೋದಾಗ ಎಡವಿ, ಶೀಸೆ ಒಡೆದು ನೀರು ನೆಲದ ಪಾಲಾಗುತ್ತದೆ. ಚತುರನಾದ ಮನೆಯಾಳು ಅದನ್ನು ಸ್ಪಂಜಿನಿಂದ ಹೀರಿ, ಸೋಸಿ ಉಳಿಸುತ್ತಾನೆ. ನೆಲಮಾಳಿಗೆಯ ಧೂಳನ್ನು ಹಾದುಬಂದ ಆ ಪವಿತ್ರೋದಕದಿಂದಲೇ ಅರ್ನೆಸ್ಟನು ಕ್ರೈಸ್ತನಾಗುತ್ತಾನೆ.

ಆದರೆ ಈ ನಗೆ ಬಹುಕಾಲ ನಿರಪಾಯಕಾರಿಯಾಗಿ ಉಳಿಯುವುದಿಲ್ಲ. ಒಂದು ಭಾನುವಾರ ಸಂಜೆ ಪುಟ್ಟ ಅರ್ನೆಸ್ಟನು ಸ್ತೋತ್ರ ಹಾಡುವಾಗ ‘ಕಮ್’ ಎಂಬುದನ್ನು ‘ಟಮ್’ ಎನ್ನುತ್ತಾನೆ. ನಾಲಗೆ ತಿರುಗದ ಮಗುವಿನ ತೊದಲು ಅದು. ಥಿಯೊಬಾಲ್ಡನಿಗೆ ಅದು ಹಟವೆಂದು ತೋರುತ್ತದೆ. ಮಗುವನ್ನು ಪಕ್ಕದ ಕೋಣೆಗೆ ಕರೆದೊಯ್ದು ಹೊಡೆಯುತ್ತಾನೆ; ಹೊಡೆದು ಕೆಂಪಾದ ಕೈಯಿಂದಲೇ ಗಂಟೆ ಬಾರಿಸಿ ಆಳುಗಳನ್ನು ಪ್ರಾರ್ಥನೆಗೆ ಕರೆಯುತ್ತಾನೆ. ಬಟ್ಲರನು ಇಲ್ಲಿ ಒಂದು ಮಾತನ್ನೂ ಏರಿಸಿ ಹೇಳಿಲ್ಲ.

ಇಂಥ ಮನೆಯಿಂದ ಬಂದ ಹುಡುಗನು ಧರ್ಮದ್ವೇಷಿಯಾಗಬೇಕಿತ್ತಲ್ಲವೆ? ಬಟ್ಲರನ ಮನೋವಿಜ್ಞಾನ ಅದಕ್ಕಿಂತ ಸೂಕ್ಷ್ಮವಾದುದು. ಹೊಡೆತ ತಿಂದ ಮಗು ಹೊಡೆದವನನ್ನಲ್ಲ, ತನ್ನನ್ನೇ ದುಷ್ಟನೆಂದು ತಿಳಿಯುತ್ತದೆ. ಆದಕಾರಣ ಅರ್ನೆಸ್ಟನು ಕೇಂಬ್ರಿಜ್ಜಿನಲ್ಲಿ ಆವೇಶಭರಿತ ಉಪದೇಶವೊಂದನ್ನು ಕೇಳಿದ ಕೂಡಲೇ ಅತಿಭಕ್ತನಾಗುತ್ತಾನೆ. ಮೊದಲು ತ್ಯಜಿಸಬೇಕಾದದ್ದು ತಂಬಾಕು. ಆದರೆ ವೇದಗ್ರಂಥದಲ್ಲಿ ತಂಬಾಕಿನ ನಿಷೇಧವೆಲ್ಲಿದೆ? ಸಂತ ಪೌಲನ ಕಾಲಕ್ಕೆ ಅದು ಪತ್ತೆಯಾಗಿರಲಿಲ್ಲ; ಪತ್ತೆಯಾಗಿದ್ದರೆ ಪೌಲನು ಖಂಡಿಸುತ್ತಿದ್ದನೇನೋ; ಪ್ರಾಯಶಃ ಆ ಖಂಡನೆಯನ್ನು ತಪ್ಪಿಸಲೆಂದೇ ದೇವರು ಅದನ್ನು ಅಷ್ಟುಕಾಲ ಮರೆಯಲ್ಲಿಟ್ಟಿದ್ದಿರಬೇಕು! ಹೀಗೆ ತರ್ಕಿಸಿ ಅವನು ಚುಟ್ಟದ ಕೊಳವೆಯನ್ನು ಮತ್ತೆ ಹೊತ್ತಿಸುತ್ತಾನೆ. ಈ ಕುತರ್ಕದಲ್ಲಿ ಕಪಟವಿಲ್ಲ. ಶ್ರದ್ಧೆಯ ಭಾಷೆಯೊಂದನ್ನೇ ಕಲಿತವನು ತನ್ನ ಸಣ್ಣ ಸುಖವನ್ನೂ ಅದೇ ಭಾಷೆಯಲ್ಲಿ ಸಮರ್ಥಿಸಬೇಕಾಗುತ್ತದೆ.

ಅರ್ನೆಸ್ಟನು ದೀಕ್ಷೆ ಪಡೆದು ಲಂಡನ್ನಿನಲ್ಲಿ ಸಹಾಯಕ ಪಾದ್ರಿಯಾಗುತ್ತಾನೆ. ಅಲ್ಲಿ ಹಿರಿಯ ಸಹೋದ್ಯೋಗಿಯಾದ ಪ್ರೈಯರನು ಅವನ ಮುಂದೆ ಒಂದು ಯೋಜನೆ ಇಡುತ್ತಾನೆ: ಆತ್ಮದ ರೋಗಗಳಿಗೆ ಚಿಕಿತ್ಸೆ ಕಲಿಸುವ ವಿದ್ಯಾಪೀಠವೊಂದನ್ನು ಸ್ಥಾಪಿಸಬೇಕು. ಅದಕ್ಕೆ ಬೇಕಾದ ಹಣವನ್ನು ಶೇರು ಪೇಟೆಯಲ್ಲಿ ಬೆಳೆಸಬೇಕು. ಬೆಲೆ ಇಳಿದಾಗ ಕೊಳ್ಳುವುದು, ಏರಿದಾಗ ಮಾರುವುದು, ಇದಕ್ಕಿಂತ ಸುಲಭವಾದುದೇನಿದೆ? ಅರ್ನೆಸ್ಟನಿಗೆ ತಾತನಿಂದ ಬಂದ 5,000 ಪೌಂಡು ಪ್ರೈಯರನ ಕೈಸೇರುತ್ತದೆ. ಅದರಲ್ಲಿ ಸಟ್ಟಾದಲ್ಲಿ ಕರಗದೆ ಉಳಿದುದರೊಡನೆ ಪ್ರೈಯರನು ಮಾಯವಾಗುತ್ತಾನೆ. ಈ ಪ್ರಕರಣವನ್ನು ಕೇವಲ ವಂಚನೆಯ ಕಥೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಅರ್ನೆಸ್ಟನು ಆಧಾರಪತ್ರ ಕೇಳಲಿಲ್ಲ, ಲೆಕ್ಕ ಕೇಳಲಿಲ್ಲ. ಏಕೆಂದರೆ ಕೇಳುವುದೇ ಅಶ್ರದ್ಧೆಯೆಂದು ಅವನಿಗೆ ಬಾಲ್ಯದಿಂದ ಕಲಿಸಲಾಗಿತ್ತು. ಪ್ರಮಾಣವಿಲ್ಲದೆ ಒಪ್ಪಿಕೊಳ್ಳುವುದು ದೇವಾಲಯದಲ್ಲಿ ಗುಣವಾದರೆ ಪೇಟೆಯಲ್ಲಿ ಅದೇ ನಾಶ. ಬಟ್ಲರನಿಗೆ ಈ ಪಾಠದ ಬೆಲೆ ಗೊತ್ತಿತ್ತು. ನ್ಯೂಜಿಲೆಂಡಿನಲ್ಲಿ ಗಳಿಸಿದ್ದರಲ್ಲಿ ಬಹುಭಾಗವನ್ನು ಅವನು ಸ್ನೇಹಿತನೊಬ್ಬನ ಮಾತು ನಂಬಿ ಕೆನಡಾದ ಚರ್ಮ ಹದಮಾಡುವ ಸಾರದ ಕಂಪನಿಯೊಂದರಲ್ಲಿಯೂ ಇತರ ಕಂಪನಿಗಳಲ್ಲಿಯೂ ತೊಡಗಿಸಿ ಕಳೆದುಕೊಂಡಿದ್ದನು. ಚಾರ್ಲ್ಸ್ ಪಾಲಿ ಎಂಬ ಮಿತ್ರನಿಗೆ ವರ್ಷಾನುಗಟ್ಟಲೆ ಹಣ ಕೊಡುತ್ತಿದ್ದು, ಅವನು ಬಡವನೇನೂ ಆಗಿರಲಿಲ್ಲವೆಂಬುದನ್ನು 1897ರಲ್ಲಿ, ಅವನು ಸತ್ತಮೇಲೆ ಅರಿತನು.

ಮುಂದಿನ ಪತನ ಶೀಘ್ರವಾಗುತ್ತದೆ. ಬಡವರನ್ನು ಉದ್ಧರಿಸಲೆಂದು ಅರ್ನೆಸ್ಟನು ಅವರ ನಡುವೆಯೇ ಬಾಡಿಗೆ ಕೋಣೆ ಹಿಡಿಯುತ್ತಾನೆ. ಅಲ್ಲಿನ ನಾಸ್ತಿಕ ಕಲಾಯಿಗಾರನು ಯೇಸುವಿನ ಪುನರುತ್ಥಾನವನ್ನು ಯೋಹಾನನು ಹೇಗೆ ವರ್ಣಿಸಿದ್ದಾನೆಂದು ಕೇಳಿದರೆ, ಪಾದ್ರಿಯಾದವನು ನಾಲ್ಕು ಸುವಾರ್ತೆಗಳನ್ನೂ ಬೆರಸಿ ಹೇಳುತ್ತಾನೆ. ನಾಲ್ಕನ್ನೂ ಸರಿಯಾಗಿ ಓದಿಕೊಂಡು ಬಾ ಎಂದು ಕಲಾಯಿಗಾರನು ಅವನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಕೊನೆಗೆ ಅದೇ ಮನೆಯ ಸಭ್ಯ ಯುವತಿಯೊಬ್ಬಳನ್ನು ವೇಶ್ಯೆಯೆಂದು ತಪ್ಪು ತಿಳಿದು ಅವಳ ಕೋಣೆಗೆ ನುಗ್ಗಿ, ಆರು ತಿಂಗಳ ಸಶ್ರಮ ಸಜೆ ಅನುಭವಿಸುತ್ತಾನೆ. ಈ ಸ್ಥಾನದಲ್ಲಿ ಕಾದಂಬರಿಯ ಹೊರಳುದಾರಿಯಿದೆ. ಸೆರೆಮನೆಯಲ್ಲಿ ಅವನು ದರ್ಜಿಯ ಕೆಲಸ ಕಲಿಯುತ್ತಾನೆ. ಸುವಾರ್ತೆಗಳನ್ನು ಮೊದಲ ಬಾರಿಗೆ ಪರೀಕ್ಷಕನ ಕಣ್ಣಿನಿಂದ ಓದುತ್ತಾನೆ. ಹೊರಬಂದ ದಿನ ಕಾದಿದ್ದ ತಂದೆತಾಯಿಗಳಿಂದ ಸಂಬಂಧ ಕಡಿದುಕೊಳ್ಳುತ್ತಾನೆ. ಅವನು ಎಲ್ಲ ನಂಬಿಕೆಯನ್ನೂ ಬಿಟ್ಟನೆಂದಲ್ಲ. ಯಾವ ನಾಣ್ಯವನ್ನೂ ಉಜ್ಜಿ ನೋಡದೆ ತೆಗೆದುಕೊಳ್ಳಬಾರದೆಂಬುದನ್ನು ಕಲಿತನು. ಅದಾದಮೇಲೂ ಮೋಸಹೋಗುವುದು ತಪ್ಪಲಿಲ್ಲ. ಮನೆಯ ಹಳೆಯ ಸೇವಕಿ ಎಲ್ಲೆನಳನ್ನು ಮದುವೆಯಾಗಿ ಹಳೆ ಬಟ್ಟೆಯ ಅಂಗಡಿ ಇಟ್ಟರೆ, ಅವಳು ಕುಡುಕಿಯೆಂದು ತಿಳಿಯುತ್ತದೆ. ಅವಳಿಗೆ ಮೊದಲೇ ಮದುವೆಯಾಗಿತ್ತೆಂಬ ಸುದ್ದಿ ಅವನಿಗೆ ಆಘಾತವಾಗುವ ಬದಲು ಬಿಡುಗಡೆಯಾಗಿ ಬರುತ್ತದೆ.

ಇಷ್ಟೆಲ್ಲ ನಡೆಯುತ್ತಿರುವಾಗ ಓವರ್ಟನನ ಬಳಿ ಒಂದು ಗುಟ್ಟಿದೆ. ಅರ್ನೆಸ್ಟನ ಸೋದರತ್ತೆ ಅಲಿಥಿಯಾ ಸಾಯುವಾಗ 15,000 ಪೌಂಡುಗಳನ್ನು ಓವರ್ಟನನ ಹೆಸರಿಗೆ ಬಿಟ್ಟು, ಹುಡುಗನಿಗೆ 28 ವರ್ಷ ತುಂಬುವವರೆಗೆ ತಿಳಿಸದೆ ಕಾಯ್ದು ಅವನಿಗೆ ಒಪ್ಪಿಸಬೇಕೆಂದು ಕೋರಿರುತ್ತಾಳೆ. ತಾರುಣ್ಯದಲ್ಲಿ ತಪ್ಪುಮಾಡದವರಿಲ್ಲ; ಆ ತಪ್ಪುಗಳು ತಾತನ ಹಣದ ಮೇಲೆಯೇ ಆಗಿಹೋಗಲಿ ಎಂಬುದು ಅವಳ ವಿವೇಕ. ಓವರ್ಟನನು ಅದನ್ನು ಮಿಡ್‌ಲ್ಯಾಂಡ್ ರೈಲ್ವೆಯ ಶೇರುಗಳಲ್ಲಿಟ್ಟು 70,000 ಪೌಂಡಿಗೆ ಬೆಳೆಸುತ್ತಾನೆ. ಹೀಗೆ ಅಕಸ್ಮಾತ್ತಾಗಿ ಬರುವ ಐಶ್ವರ್ಯದಿಂದ ಕಥೆ ಸುಖಾಂತವಾಗುವುದು ಕೃತಿಯ ದೌರ್ಬಲ್ಯವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಬಡಗಿಯ ಮರಿಮಗ ತನ್ನ ಕೈಕೆಲಸದಿಂದಲೇ ಮೇಲೆದ್ದಿದ್ದರೆ ಕಥೆಯ ನೀತಿ ಇನ್ನೂ ಗಟ್ಟಿಯಾಗುತ್ತಿತ್ತು. ಆದರೆ ಎರಡು ನಾಣ್ಯಗಳ ದೃಷ್ಟಿಯಿಂದ ನೋಡಿದರೆ ಈ ನ್ಯಾಸದ ಅರ್ಥ ಬೇರೆ. ಥಿಯೊಬಾಲ್ಡನ ಮನೆಯಲ್ಲಿ ಪ್ರೀತಿಯ ಮಾತು ಧಾರಾಳ, ಒಳಗೆ ಬೆದರಿಕೆ. ಅಲಿಥಿಯಾ ಮಾತಾಡಲಿಲ್ಲ, ಇಟ್ಟುಹೋದಳು. ವಿಶ್ವಸ್ತನು ಹದಿಮೂರು ವರ್ಷ ಬಾಯಿಮುಚ್ಚಿ ಲೆಕ್ಕ ಕಾಯ್ದನು. ಕೃತಿಯಲ್ಲಿ ವಿಶ್ವಾಸವೆಂಬ ಪದ ಸಾರ್ಥಕವಾಗುವುದು ಇಲ್ಲಿ.

ತಂದೆಯ ಚಿತ್ರಣದಲ್ಲಿ ನ್ಯಾಯವಿದೆಯೆ ಎಂಬ ಪ್ರಶ್ನೆ ಉಳಿಯುತ್ತದೆ. ಥಿಯೊಬಾಲ್ಡ್, ಕ್ರಿಸ್ಟಿನಾ ಇಬ್ಬರೂ ಬಟ್ಲರನ ತಂದೆತಾಯಿಗಳ ಪಡಿಯಚ್ಚು. ಕ್ರಿಸ್ಟಿನಾ ತಾನು ಸತ್ತರೆ ಮಕ್ಕಳಿಗೆ ಕೊಡಲೆಂದು ಬರೆದಿಡುವ ಪತ್ರವು ಬಟ್ಲರನ ತಾಯಿಯೇ ಬರೆದಿದ್ದ ಪತ್ರ. ಅದನ್ನು ಅವನು ಬಹುಮಟ್ಟಿಗೆ ಇದ್ದಂತೆಯೇ ಬಳಸಿಕೊಂಡನು. ತಾಯಿಯ ಪತ್ರವನ್ನು ವಿಡಂಬನೆಯ ನಡುವೆ ಇರಿಸಿದ ಮಗನ ಕೈ ನಿಷ್ಠುರವಾದುದೆಂದು ಹೇಳಲೇಬೇಕು. ಆದರೂ ಬಟ್ಲರನು ಥಿಯೊಬಾಲ್ಡನ ಆ ಪುಕ್ಕಲು ಪತ್ರವನ್ನು ಮರೆತಿಲ್ಲ. ಅಂದು ಅವನಿಗೆ ಬೇಡವೆನ್ನುವ ಧೈರ್ಯ ಉಳಿದಿದ್ದರೆ ಮುಂದಿನ ಹೊಡೆತಗಳು ಬೀಳುತ್ತಿರಲಿಲ್ಲ. ತಾನು ಪಡೆದ ನಾಣ್ಯವನ್ನೇ ತಂದೆ ಮಗನಿಗೆ ದಾಟಿಸಿದನು. ಹೊಡೆದವನೂ ಹಿಂದೊಮ್ಮೆ ಹೆದರಿದ ಮಗನೇ. ದೀಕ್ಷೆಯನ್ನು ಎದುರುನಿಂತು ನಿರಾಕರಿಸಿದ ಬಟ್ಲರನು ಸಹ ಈ ಪುಸ್ತಕವನ್ನು ಬಾಳಿರುವವರೆಗೆ ಅಚ್ಚಿಗೆ ಕೊಡಲಾರದೆ ಹೋದನು. ತಂದೆ 1886ರಲ್ಲಿ ತೀರಿಕೊಂಡ ಮೇಲೂ ಹಸ್ತಪ್ರತಿ ಪೆಟ್ಟಿಗೆಯಲ್ಲೇ ಉಳಿಯಿತು.

ಪ್ರಕಟವಾದಾಗ ಪುಸ್ತಕ ದೊಡ್ಡ ಸದ್ದನ್ನೇನೂ ಮಾಡಲಿಲ್ಲ. ಬರ್ನಾರ್ಡ್ ಷಾ ‘ಮೇಜರ್ ಬಾರ್ಬರಾ’ ನಾಟಕದ ಮುನ್ನುಡಿಯಲ್ಲಿ ಬಟ್ಲರನನ್ನು ಎತ್ತಿಹಿಡಿದ ಮೇಲೆ ಓದುಗರು ಅದರ ಕಡೆ ತಿರುಗಿದರು. ಸ್ಟ್ರೆಟ್‌ಫೀಲ್ಡನು ಅಲ್ಲಲ್ಲಿ ಕೈಯಾಡಿಸಿದ್ದ ಪಾಠದ ಬದಲು ಮೂಲ ಹಸ್ತಪ್ರತಿಯನ್ನು ಅನುಸರಿಸಿದ ಆವೃತ್ತಿ 1964ರಲ್ಲಿ ಬಂದಿತು.

ಅರ್ನೆಸ್ಟನಿಗೆ ಎಲ್ಲೆನಳಿಂದ ಇಬ್ಬರು ಮಕ್ಕಳು. ಹಣ ಬಂದಮೇಲೂ ಅವನು ಅವರನ್ನು ಮನೆಗೆ ತರುವುದಿಲ್ಲ. ಥೇಮ್ಸ್ ನದಿಯಲ್ಲಿ ದೋಣಿ ನಡೆಸುವ ಕುಟುಂಬವೊಂದರಲ್ಲಿ, ಓರಗೆಯ ಮಕ್ಕಳೊಡನೆ ನಕ್ಕು ಆಡುತ್ತ ಬೆಳೆಯಲೆಂದು ಬಿಡುತ್ತಾನೆ. ತನ್ನ ತಂದೆ ತನಗೆ ತಂದೆಯಾದಂತೆ ತಾನೂ ತಂದೆಯಾಗಿಬಿಡುವೆನೆಂಬ ಭಯ ಅವನದು. ಲೋಕಜ್ಞಾನವನ್ನು ಇಷ್ಟು ಕಷ್ಟಪಟ್ಟು ಸಂಪಾದಿಸಿದವನು ಮಕ್ಕಳಿಗೆ ಕೊಟ್ಟದ್ದು ತನ್ನ ಗೈರುಹಾಜರಿಯನ್ನು. ವಾಚಕನು ಇಲ್ಲಿ ನಗಲು ಹೊರಟು ನಗಲಾರದೆ ನಿಲ್ಲುತ್ತಾನೆ. ಮಗನು ದೊಡ್ಡವನಾಗಿ ಹಡಗು ನಡೆಸಬೇಕೆಂದಾಗ, ತಂದೆ ಉಯಿಲಿನ ಮಾತೆತ್ತದೆ ಒಂದು ಹಡಗನ್ನು ಕೊಡಿಸುತ್ತಾನೆ.