ಬೋರ್ಡಿಗೆ ತಕ್ಕ ಲಿನಕ್ಸ್

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡ್ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟಿದೆ. 2013ರಲ್ಲಿ ಬಂದ ಇದರಲ್ಲಿ 512 ಎಂಬಿ ರ‍್ಯಾಮ್. ಜೊತೆಗೆ ಬರುವ ಲಿನಕ್ಸ್ ಆವೃತ್ತಿ ಡೆಬಿಯನ್‌ನಲ್ಲಿ ಬೇಕಾದದ್ದೂ ಇದೆ, ಬೇಡದ್ದೂ ಇದೆ. ಆದರೆ ಪಾಲಿಹೌಸಿನ ತೇವ ನೋಡಿ ಪಂಪ್ ಚಾಲೂ ಮಾಡುವುದಷ್ಟೇ ಬೋರ್ಡಿನ ಕೆಲಸವಾದರೆ ಅಷ್ಟನ್ನೆಲ್ಲ ಹೊತ್ತುಕೊಂಡು ಏನು ಮಾಡುವುದು? ಕರೆಂಟು ಹೋಗಿ ಬಂದರೆ ತಟ್ಟನೆ ಏಳಬೇಕು, ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೂ ನಡೆಯಬೇಕು. ಅಂಥ ಕಡೆಗೆ ಲಿನಕ್ಸನ್ನು ಅಳತೆ ಕೊಟ್ಟು ಹೊಲಿಸಿದಂತೆ ಕಟ್ಟಿಕೊಳ್ಳುತ್ತಾರೆ.

ಹೊಸಬರಿಗೆ ನಾನು ಹೇಳುವುದು ಬಿಲ್ಡ್‌ರೂಟ್. ಯುಸಿಲಿಬ್‌ಸಿ ಎಂಬ ಪುಟ್ಟ ಸಿ ಲೈಬ್ರರಿಯ ತಂಡ 2001ರಲ್ಲಿ ತನ್ನ ಪರೀಕ್ಷೆಗೆಂದು ಶುರುಮಾಡಿದ ಸಾಧನವಿದು. ‘ಮೇಕ್ ಮೆನುಕಾನ್ಫಿಗ್’ ಎಂದು ಟೈಪಿಸಿದರೆ ಪಟ್ಟಿ ತೆರೆಯುತ್ತದೆ; ಬೇಕಾದದ್ದಕ್ಕೆ ಗುರುತು ಹಾಕಿ ‘ಮೇಕ್’ ಎಂದು ಕೊಟ್ಟು ಕಾಫಿಗೆ ಹೋಗಬಹುದು. ನಮ್ಮ ಲ್ಯಾಪ್‌ಟಾಪಿನಲ್ಲಿ ಕೂತು ಬೋರ್ಡಿನ ಎಆರ್‌ಎಂ ಪ್ರೊಸೆಸರಿಗೆ ಕೋಡ್ ತಯಾರಿಸುವ ಕ್ರಾಸ್ ಕಂಪೈಲರನ್ನೂ ಅದು ಮೊದಲು ತಾನೇ ಕಟ್ಟಿಕೊಳ್ಳುತ್ತದೆ. ಎಲ್‌ಎಸ್, ಕ್ಯಾಟ್, ಮೌಂಟ್‌ನಂಥ ಕಮಾಂಡುಗಳನ್ನೆಲ್ಲ ಬಿಜಿಬಾಕ್ಸ್ ಎಂಬ ಒಂದೇ ಪ್ರೋಗ್ರಾಮ್ ನಿಭಾಯಿಸುತ್ತದೆ. ಡೆಬಿಯನ್ನಿನ ರಿಪೇರಿ ವ್ಯವಸ್ಥೆಯನ್ನು ಒಂದು ಫ್ಲಾಪಿಯಲ್ಲಿ ಹಿಡಿಸಲು 1990ರ ದಶಕದಲ್ಲಿ ಬ್ರೂಸ್ ಪೆರೆನ್ಸ್ ಬರೆದದ್ದು ಅದು.

ಹೀಗೆ ತಯಾರಾದ ಇಮೇಜನ್ನು ಮೈಕ್ರೊಎಸ್‌ಡಿ ಕಾರ್ಡಿಗೆ ಬರೆದ ಮೇಲೆ ನಿಜವಾದ ಸ್ವಾರಸ್ಯ. ಪವರ್ ಕೊಟ್ಟ ಕ್ಷಣದಲ್ಲಿ ಬೋರ್ಡಿಗೆ ತನ್ನ ರ‍್ಯಾಮೇ ಕೈಗೆ ಸಿಗದು. ಚಿಪ್ಪಿನೊಳಗಿನ ಸಣ್ಣ ಸ್ಮರಣೆಯಲ್ಲಿ ಯು-ಬೂಟ್ ಎಂಬ ಬೂಟ್‌ಲೋಡರ್ ಪೂರ್ತಿ ಹಿಡಿಸದು. ಹಾಗಾಗಿ ಮೊದಲು ಎಂಎಲ್‌ಒ ಎಂಬ ಚಿಕ್ಕ ಫೈಲ್ ಬಂದು ರ‍್ಯಾಮನ್ನು ಎಬ್ಬಿಸಿ ಯು-ಬೂಟನ್ನು ಕರೆತರುತ್ತದೆ. ಯು-ಬೂಟ್ ಲಿನಕ್ಸ್‌ನ ತಿರುಳಾದ ಕರ್ನಲನ್ನೂ, ಬೋರ್ಡಿನಲ್ಲಿ ಏನೇನಿದೆಯೆಂದು ಅದಕ್ಕೆ ತಿಳಿಸುವ ಡಿವೈಸ್ ಟ್ರೀಯನ್ನೂ ತರುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಅದು ತಾನ್ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಬೋರ್ಡಿನ ಪಿನ್ನಿಗೆ ಬೆಸೆದ ಸೆನ್ಸರಿಗೆ ಆ ಬಾಯಿಲ್ಲ. ಯಾವ ಪಿನ್ನಿನಲ್ಲಿ, ಯಾವ ವಿಳಾಸದಲ್ಲಿ ಏನಿದೆಯೆಂದು ಡಿವೈಸ್ ಟ್ರೀಯಲ್ಲಿ ನಾವೇ ಬರೆಯಬೇಕು. ಒಂದಂಕಿ ತಪ್ಪಿದರೂ ಕರ್ನಲ್ ಪಾಲಿಗೆ ಆ ಸೆನ್ಸರ್ ಇಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಲು ಮಾನಿಟರ್ ಬೇಡ, ಸೀರಿಯಲ್ ಕೇಬಲ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಬಹುದು, 3.3 ವೋಲ್ಟಿನದೇ ಕೇಳಿ, 5 ವೋಲ್ಟಿನದು ಪ್ರೊಸೆಸರನ್ನೇ ಸುಟ್ಟೀತು. ವೇಗ 115200ಕ್ಕೆ ಇಟ್ಟು, ಬೋರ್ಡಿನ ಎಸ್2 ಗುಂಡಿ ಒತ್ತಿಹಿಡಿದು ಪವರ್ ಕೊಟ್ಟರೆ ಕಾರ್ಡಿನಿಂದ ಬೂಟ್ ಆಗುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುವ ಸಾಲುಗಳು ಎಲ್ಲಿ ನಿಂತವೋ ತಪ್ಪು ಅಲ್ಲೇ ಸುತ್ತಮುತ್ತ.

ಹೀಗೆಯೇ ಲಿನಕ್ಸ್ ಕಟ್ಟಿಕೊಳ್ಳಲು ಯೋಕ್ಟೊ ಎಂಬ ದೊಡ್ಡ ವ್ಯವಸ್ಥೆಯೂ ಇದೆ. ಕಾರುಗಳ ಆಟೋಮೋಟಿವ್ ಗ್ರೇಡ್ ಲಿನಕ್ಸ್ ನಿಂತಿರುವುದು ಅದರ ಮೇಲೆ. ಹತ್ತಾರು ಮಾದರಿಯ ಬೋರ್ಡು, ಹತ್ತಾರು ಜನರ ತಂಡ ಇದ್ದರೆ ಅದೇ ಸರಿ. ಒಬ್ಬರೇ ಕೂತು ಕಲಿಯುವುದಾದರೆ ತಲೆನೋವು. ಇನ್ನು ಬೋರ್ಡೇ ಇಲ್ಲದವರು ಕ್ಯೂಇಎಂಯು ಎಂಬ ಎಮ್ಯುಲೇಟರಿನಲ್ಲಿ ತಮ್ಮ ಇಮೇಜನ್ನು ಬೂಟ್ ಮಾಡಿ ನೋಡಬಹುದು. ಅದಕ್ಕೆ ಬೇಕಾದ ಸಿದ್ಧ ಕಾನ್ಫಿಗರೇಶನ್‌ಗಳು ಬಿಲ್ಡ್‌ರೂಟ್‌ನಲ್ಲೇ ಇವೆ.