ಪಿಎಚ್‌.ಡಿ. ಓದುವ ಮಗಳನ್ನು ಬಿಡಿಸಬೇಡಿ

‘ಉಸ್ತಾದ್, ಮಗಳ ಪಿಎಚ್‌.ಡಿ. ಇನ್ನೂ ಮುಗಿದಿಲ್ಲ. ನಿಖಾಹ್ ಗೊತ್ತಾಗಿದೆ, ಬಿಡಿಸುವುದಾ?’ ಎಂದು ಒಬ್ಬರು ತಂದೆ ಕೇಳಿದರು.

ತಡವಾಗುವುದು ಸೋಮಾರಿತನದಿಂದಲ್ಲ. ಅಧ್ಯಾಯಗಳನ್ನು ಗೈಡ್ ಮತ್ತೆ ಮತ್ತೆ ತಿದ್ದಿಸುತ್ತಾರೆ. ಬಳಿಕ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದಿ ಒಪ್ಪಿದರೆ ಮಾತ್ರ ವೈವಾ. ನಾವು ಹದೀಸ್‌ಗೆ ಸನದ್ ನೋಡುವ ಹಾಗೆ ಅಲ್ಲಿ ಪ್ರತಿ ಮಾತಿಗೂ ಆಧಾರ ಕೇಳುತ್ತಾರೆ.

ಯುಜಿಸಿಯ 2022ರ ನಿಯಮದಲ್ಲಿ ಅವಧಿ 3ರಿಂದ 6 ವರ್ಷ. ಮರುನೋಂದಣಿಯಿಂದ 2 ವರ್ಷ, ಹೆಣ್ಣುಮಕ್ಕಳಿಗೆ ಮತ್ತೂ 2 ವರ್ಷ ಸಿಗಬಹುದು. ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಉಂಟು. ಮದುವೆಯಾಗಿ ಊರು ಬದಲಾದರೆ ಸಂಶೋಧನೆಯನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಲೂ ಅವಕಾಶ ಇದೆ.

ಮಾತುಕತೆಯ ದಿನವೇ ಗಂಡಿನ ಮನೆಯವರಿಗೆ ಇದನ್ನು ಹೇಳಿ. ಗೈಡ್‌ಗೂ ಮೊದಲೇ ತಿಳಿಸಿ. ಇಲ್ಮ್ ಅರ್ಧದಲ್ಲಿ ನಿಲ್ಲದಿರಲಿ.