ಡ್ಯಾನ್ಯೂಬ್ ದಂಡೆಗುಂಟ ಮಕ್ಕಳೊಂದಿಗೆ ಸೈಕಲ್ ಯಾನ

ಜರ್ಮನಿಯ ಪಸಾವ್ ಪಟ್ಟಣದಲ್ಲಿ ಇನ್ ಮತ್ತು ಇಲ್ಟ್ಸ್ ನದಿಗಳು ಡ್ಯಾನ್ಯೂಬನ್ನು ಸೇರುತ್ತವೆ. ಅಲ್ಲಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ 300 ಕಿಲೋಮೀಟರಿಗೂ ಹೆಚ್ಚು ಉದ್ದದ ಸೈಕಲ್ ದಾರಿ ನದಿಯ ಮಗ್ಗುಲಲ್ಲೇ ಸಾಗುತ್ತದೆ. ಬೇಸಿಗೆ ರಜೆಯಲ್ಲಿ ಎರಡು ಮೂರು ಕುಟುಂಬಗಳು ಜೊತೆಗೂಡಿ, ಮಕ್ಕಳುಮರಿಗಳನ್ನೂ ಕಟ್ಟಿಕೊಂಡು ಹೊರಡುವುದು ಇಲ್ಲಿ ಸಾಮಾನ್ಯ ನೋಟ.

ಮಕ್ಕಳಿಗೂ ಈ ದಾರಿ ಒಗ್ಗುವುದಕ್ಕೆ ಕಾರಣ ನದಿಯ ಹಳೆಯ ವ್ಯಾಪಾರ. ಉಗಿಯಂತ್ರ ಬರುವ ಮೊದಲು ಪ್ರವಾಹಕ್ಕೆದುರಾಗಿ ಸರಕಿನ ದೋಣಿಗಳನ್ನು ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಅವು ನಡೆದ ದಂಡೆಯ ಹಾದಿಗಳೇ ಎಷ್ಟೋ ಕಡೆ ಡಾಂಬರು ಕಂಡು ಸೈಕಲ್ಲಿನ ಪಾಲಾಗಿವೆ. ಹಾಗಾಗಿ ಏರುಗಳು ಕಡಿಮೆ, ಬಹುಪಾಲು ಕಡೆ ಕಾರುಗಳ ಕಾಟವಿಲ್ಲ. ತೀರಾ ಪುಟ್ಟವರು ಅಪ್ಪ ಅಮ್ಮನ ಸೈಕಲ್ಲಿಗೆ ಜೋಡಿಸಿದ ಟ್ರೇಲರಿನಲ್ಲಿ ಕೂರುತ್ತಾರೆ. 12 ವರ್ಷದೊಳಗಿನವರಿಗೆ ಆಸ್ಟ್ರಿಯಾದಲ್ಲಿ ಹೆಲ್ಮೆಟ್ ಕಡ್ಡಾಯ. ದೊಡ್ಡ ಬ್ಯಾಗುಗಳನ್ನು ಮುಂದಿನ ತಂಗುದಾಣಕ್ಕೆ ವ್ಯಾನಿನಲ್ಲಿ ತಲುಪಿಸುವವರೂ ಇದ್ದಾರೆ.

ಶ್ಲೋಗೆನ್ ಬಳಿ ಗಟ್ಟಿ ಶಿಲೆಗೆ ಎದುರಾದ ನದಿ ಬಂದ ದಿಕ್ಕಿಗೇ ಮರಳುವಂತೆ ಬಾಗುತ್ತದೆ. ಅಲ್ಲಿ ಸೈಕಲ್ಲುಗಳನ್ನೂ ದಾಟಿಸುವ ಚಿಕ್ಕ ದೋಣಿಗಳಿವೆ. ಮಕ್ಕಳಿಗೆ ಇದಕ್ಕಿಂತ ಸೊಗಸಾದ ವಿರಾಮ ಬೇಕಿಲ್ಲ.

ಇಡೀ ದಾರಿಯಲ್ಲಿ ಅವಸರವೇ ಮಾಡಬಾರದ ಭಾಗವೆಂದರೆ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ. 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಇಲ್ಲಿ, ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟಗಳು. ಜುಲೈನಲ್ಲಿ ಹೋದರೆ ಹಣ್ಣಿನ ಸುಗ್ಗಿ. ಡ್ಯೂರ್ನ್‌ಸ್ಟೈನಿನಲ್ಲಿ ಸೈಕಲ್ ನಿಲ್ಲಿಸಿ ಗುಡ್ಡ ಹತ್ತಿದರೆ ಪಾಳುಕೋಟೆ. 1192ರ ಕೊನೆಯಲ್ಲಿ ಸೆರೆಸಿಕ್ಕ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡನನ್ನು ಇಟ್ಟಿದ್ದು ಇಲ್ಲಿಯೇ.

ವಿಯೆನ್ನಾದಿಂದ ಮರಳಲು ಸೈಕಲ್ ಒಯ್ಯುವ ರೈಲುಗಳಿವೆ. ಗುಂಪು ದೊಡ್ಡದಿದ್ದರೆ ಸೈಕಲ್ಲುಗಳಿಗೂ ಮುಂಚಿತವಾಗಿ ಜಾಗ ಕಾಯ್ದಿರಿಸುವುದು ಒಳಿತು.